ಕುರಿ ಈಯುವ ಕಾಲ ನಮ್ಮ ಕೈಯಲ್ಲಿ: ಹಾರ್ಮೋನು ಸ್ಪಂಜಿನ ಲಾಭವೆಷ್ಟು, ಎಚ್ಚರವೆಷ್ಟು?

ವರ್ಷವಿಡೀ ಟಗರನ್ನು ಹಿಂಡಿನಲ್ಲೇ ಬಿಟ್ಟಿರುವುದು ನಮ್ಮ ಕುರಿ ಸಾಕಣೆಗಾರರಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇದರ ಫಲವನ್ನು ನೀವು ನಿಮ್ಮ ಹಟ್ಟಿಯಲ್ಲೇ ನೋಡಬಹುದು. ಐವತ್ತು ಹೆಣ್ಣುಕುರಿಗಳಿದ್ದರೆ ಈ ವಾರ ಎರಡು ಈಯುತ್ತವೆ, ಮುಂದಿನ ವಾರ ಒಂದು, ಆಮೇಲೆ ಒಂದು ತಿಂಗಳು ಯಾವುದೂ ಇಲ್ಲ. ಚೈತ್ರ ವೈಶಾಖದ ಬಿಸಿಲಿನಲ್ಲಿ ಹುಟ್ಟಿದ ಮರಿಗೆ ತಾಯಿಯ ಕೆಚ್ಚಲಲ್ಲಿ ಹಾಲಿಲ್ಲ. ಆಷಾಢದ ಜಡಿಮಳೆಯಲ್ಲಿ ಹುಟ್ಟಿದ ಮರಿಗೆ ಮಲಗಲು ಒಣ ನೆಲವಿಲ್ಲ. ಬದುಕಿ ಉಳಿದ ಮರಿಗಳಾದರೂ ಒಂದೊಂದು ಒಂದೊಂದು ವಯಸ್ಸಿನವು. ವ್ಯಾಪಾರಿ ಬಂದಾಗ ಒಂದೇ ತೂಕದ ಹತ್ತು ಮರಿಗಳನ್ನು ತೋರಿಸಲಾಗದೆ, ಅವನು ಹೇಳಿದ ಬೆಲೆಗೆ ಕೊಡಬೇಕಾಗುತ್ತದೆ.

ಮೇವು ಸಮೃದ್ಧವಾಗಿರುವ ತಿಂಗಳಿನಲ್ಲೇ, ಅದೂ ಒಂದೇ ವಾರದೊಳಗೆ, ಹಿಂಡಿನ ಕುರಿಗಳು ಈಯುವಂತೆ ಮಾಡಲು ಸಾಧ್ಯವೇ? ಸಾಧ್ಯವಿದೆ. ಹಾರ್ಮೋನು ಸೇರಿಸಿದ ಸ್ಪಂಜಿನ ಬಳಕೆ ಅಂಥ ಒಂದು ವಿಧಾನ. ಆದರೆ ಇದನ್ನು ಕೊಳ್ಳುವ ಮೊದಲು ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನೀವು ತಿಳಿದಿರುವುದು ಅಗತ್ಯ. ಇಲ್ಲದಿದ್ದರೆ ಹಣವೂ ಹೋದೀತು, ಕುರಿಯೂ ಬಡವಾದೀತು.

ಚಳಿ ನಾಡಿನ ಕುರಿ, ನಮ್ಮ ನಾಡಿನ ಕುರಿ

ಇಂಗ್ಲೆಂಡಿನಂತಹ ಚಳಿ ದೇಶಗಳ ಕುರಿಗಳು ವರ್ಷದಲ್ಲಿ ಕೆಲವೇ ತಿಂಗಳು ಬೆದೆಗೆ ಬರುತ್ತವೆ. ಬೇಸಿಗೆ ಕಳೆದು ಹಗಲು ಕಿರಿದಾಗತೊಡಗಿದಾಗ ಅವುಗಳಿಗೆ ಬೆದೆ. ಐದು ತಿಂಗಳ ನಂತರ ಚಳಿ ಮುಗಿದು ಹುಲ್ಲು ಚಿಗುರುವ ಹೊತ್ತಿಗೆ ಮರಿ. ಇದಕ್ಕೆ ಕಾರಣ ಚಳಿಯಲ್ಲ, ಬೆಳಕು. 1949ರಲ್ಲಿ ಯೇಟ್ಸ್ ಎಂಬ ವಿಜ್ಞಾನಿ ಕೃತಕ ಬೆಳಕಿನಿಂದ ಹಗಲಿನ ಉದ್ದವನ್ನು ಹಿಂದುಮುಂದು ಮಾಡಿ, ಕುರಿಗಳ ಬೆದೆಯ ಕಾಲವೂ ಹಿಂದುಮುಂದಾಗುವುದನ್ನು ತೋರಿಸಿದರು. ಕತ್ತಲಾದಾಗ ಮೆದುಳಿನಲ್ಲಿರುವ ಒಂದು ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಇರುಳು ಉದ್ದವಾದಷ್ಟೂ ಅದು ಹೆಚ್ಚು ಹೊತ್ತು ಸುರಿಯುತ್ತದೆ. ಕುರಿಯ ದೇಹಕ್ಕೆ ಅದೇ ಪಂಚಾಂಗ. ಆ ದೇಶಗಳಲ್ಲಿ ಮೆಲಟೋನಿನ್ ಗುಳಿಗೆಯನ್ನು ಕಿವಿಯ ಹಿಂದೆ ಚರ್ಮದಡಿಯಲ್ಲಿಟ್ಟು ಬೆದೆಯನ್ನು ಮುಂಚಿತವಾಗಿ ತರಿಸುವುದುಂಟು.

ನಮ್ಮಲ್ಲಿ ಹಾಗಲ್ಲ. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಸುಮಾರು ಒಂಬತ್ತು ಗಂಟೆಗಳ ವ್ಯತ್ಯಾಸ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ನಮ್ಮ ಬನ್ನೂರು, ಹಾಸನ, ಬಳ್ಳಾರಿ, ದಖ್ಖನಿ, ಕೆಂಗುರಿ ಕುರಿಗಳು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲವು. ಅವುಗಳಿಗೆ ಕಾಲ ಹೇಳುವುದು ಬೆಳಕಿಗಿಂತ ಹೆಚ್ಚಾಗಿ ಮೇವು. ಬೇಸಿಗೆಯಲ್ಲಿ ಮೈಯಿಳಿದ ಕುರಿಗಳಿಗೆ ಬೆದೆ ತಪ್ಪುತ್ತದೆ; ಮುಂಗಾರಿನ ಹಸಿರು ಮೇಯ್ದೊಡನೆ ಮತ್ತೆ ಬರುತ್ತದೆ. ಇದು ಪ್ರತಿಯೊಬ್ಬ ಕುರಿಗಾಹಿಯೂ ಕಂಡ ಸಂಗತಿ. ಚಳಿ ದೇಶದ ಔಷಧವನ್ನು ನಮ್ಮಲ್ಲಿ ಬಳಸುವಾಗ ಈ ಭೇದವನ್ನು ಮರೆಯಬಾರದು. ಅಲ್ಲಿ ಅದು ಬೆದೆಯಿಲ್ಲದ ಕಾಲದಲ್ಲಿ ಬೆದೆ ತರಿಸಲು. ಇಲ್ಲಿ ಅದರ ಮುಖ್ಯ ಉಪಯೋಗ ಚದುರಿದ ಬೆದೆಯನ್ನು ಒಂದೆಡೆ ಸೇರಿಸಲು.

ಸ್ಪಂಜು ಮಾಡುವ ಕೆಲಸ

ಗಬ್ಬವಾಗದ ಕುರಿಗೆ ಸರಾಸರಿ 17 ದಿನಗಳಿಗೊಮ್ಮೆ ಬೆದೆ ಬರುತ್ತದೆ. ಬೆದೆ ಇರುವುದು 24ರಿಂದ 36 ಗಂಟೆ. ಅಂಡ ಬಿಡುಗಡೆಯಾದ ಜಾಗದಲ್ಲಿ, ಅಂಡಾಶಯದ ಮೇಲೆ ಒಂದು ಹಳದಿ ಗಂಟು ಬೆಳೆದು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಈ ಹಾರ್ಮೋನು ರಕ್ತದಲ್ಲಿರುವವರೆಗೆ ಕುರಿ ಮತ್ತೆ ಬೆದೆಗೆ ಬರುವುದಿಲ್ಲ. ಗರ್ಭ ನಿಲ್ಲದಿದ್ದರೆ ಎರಡು ವಾರಗಳಲ್ಲಿ ಗಂಟು ಕರಗಿ, ಇನ್ನೊಂದು ಅಂಡ ಪಕ್ವವಾಗಿ, ಮತ್ತೆ ಬೆದೆ ತೋರುತ್ತದೆ.

ಸ್ಪಂಜು ಈ ಹಳದಿ ಗಂಟಿನ ಕೆಲಸವನ್ನೇ ಮಾಡುತ್ತದೆ. ಪ್ರೊಜೆಸ್ಟರಾನನ್ನೇ ಹೋಲುವ ಔಷಧದಲ್ಲಿ ಅದ್ದಿದ, ದಾರ ಕಟ್ಟಿದ ಸಣ್ಣ ಸ್ಪಂಜನ್ನು ಒಂದು ನಳಿಗೆಯ ಸಹಾಯದಿಂದ ಕುರಿಯ ಯೋನಿಯೊಳಗೆ ಇಡುತ್ತಾರೆ. 12ರಿಂದ 14 ದಿನ ಅದು ಒಳಗಿರುತ್ತದೆ. ಅಷ್ಟರಲ್ಲಿ ಎಲ್ಲ ಕುರಿಗಳ ಸ್ವಂತ ಹಳದಿ ಗಂಟುಗಳೂ ಕರಗಿರುತ್ತವೆ. ಆದರೂ ಸ್ಪಂಜಿನ ಔಷಧ ಬೆದೆಯನ್ನು ತಡೆದಿರುತ್ತದೆ. ಕಟ್ಟೆ ಹಾಕಿ ನೀರು ನಿಲ್ಲಿಸಿದ ಹಾಗೆ. ಸ್ಪಂಜುಗಳನ್ನು ಒಂದೇ ದಿನ ಎಳೆದು ತೆಗೆದರೆ ಹೆಚ್ಚಿನ ಕುರಿಗಳು ಎರಡು ಮೂರು ದಿನಗಳೊಳಗೆ ಒಟ್ಟಿಗೆ ಬೆದೆಗೆ ಬರುತ್ತವೆ.

ಬೆದೆ ನಿಂತಿರುವ ಕುರಿಗಳಿಗೆ ಸ್ಪಂಜು ಒಂದೇ ಸಾಲದು. ಅಂಡಾಶಯವನ್ನು ಎಚ್ಚರಿಸಲು ಸ್ಪಂಜು ತೆಗೆಯುವ ಹೊತ್ತಿಗೆ ಇನ್ನೊಂದು ಚುಚ್ಚುಮದ್ದು ಕೊಡುತ್ತಾರೆ. ಇದು ಗಬ್ಬದ ಕುದುರೆಯ ರಕ್ತದಿಂದ ತೆಗೆಯುವ ಹಾರ್ಮೋನು. ಕೋಲ್ ಮತ್ತು ಹಾರ್ಟ್ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನು 1930ರಲ್ಲಿ ಗುರುತಿಸಿದರು. ಸ್ಪಂಜಿನ ವಿಧಾನ ರೂಪುಗೊಂಡದ್ದು 1960ರ ದಶಕದಲ್ಲಿ, ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದ ರಾಬಿನ್ಸನ್ ಅವರ ಪ್ರಯೋಗಗಳಿಂದ. ಫ್ರಾನ್ಸಿನಲ್ಲಿ ರೋಕ್‌ಫೋರ್ ಚೀಸಿಗೆ ಹಾಲು ಕೊಡುವ ಲಕೋನ್ ಕುರಿಗಳ ಹಿಂಡುಗಳಲ್ಲಿ ಇದೇ ವಿಧಾನದಿಂದ ಬೆದೆ ಹೊಂದಿಸಿ ಕೃತಕ ಗರ್ಭಧಾರಣೆ ಮಾಡುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಕಡಿಮೆ ಖರ್ಚಿನ ಸ್ಪಂಜನ್ನು ಸಿದ್ಧಪಡಿಸಿದೆ. ಅದರ ಹೆಸರು ಅವಿಕೆಸಿಲ್-ಎಸ್.

ಹುಣ್ಣಿಮೆಯಿಂದ ಹುಣ್ಣಿಮೆಗೆ ಲೆಕ್ಕ

ಕುರಿಯ ಗರ್ಭದ ಅವಧಿ 147ರಿಂದ 150 ದಿನ. ನಮ್ಮ ಪಂಚಾಂಗದ ಐದು ಚಾಂದ್ರಮಾಸಗಳೆಂದರೂ ಹೆಚ್ಚುಕಡಿಮೆ ಇಷ್ಟೇ, 148 ದಿನ. ಆದ್ದರಿಂದ ಕ್ಯಾಲೆಂಡರ್ ಇಲ್ಲದಿದ್ದರೂ ಲೆಕ್ಕ ತಪ್ಪುವುದಿಲ್ಲ. ಯಾವ ಹುಣ್ಣಿಮೆಗೆ ಮರಿ ಬೇಕೋ ಅಲ್ಲಿಂದ ಐದು ಹುಣ್ಣಿಮೆ ಹಿಂದಕ್ಕೆ ಎಣಿಸಿ. ನಡುವೆ ಅಧಿಕಮಾಸ ಬಂದರೆ ಅದನ್ನೂ ಒಂದಾಗಿ ಎಣಿಸಿ.

ಮುಂಗಾರಿನ ಮಳೆ ನೆಚ್ಚಿದ ಬಯಲುಸೀಮೆಯ ಉದಾಹರಣೆ ನೋಡೋಣ. ಕಾರ್ತಿಕದ ಗೌರಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ, ಬದುಗಳಲ್ಲಿ ಹುಲ್ಲಿರುತ್ತದೆ, ಕೊಯ್ಲಾದ ಹೊಲಗಳಲ್ಲಿ ಕೂಳೆ ಮೇವು ಸಿಗುತ್ತದೆ. ಆಗ ಮರಿ ಬೇಕಾದರೆ ಕಾರಹುಣ್ಣಿಮೆಗೆ ಕುರಿ ಟಗರಿಗೆ ಹಾಯಬೇಕು. ಕಾರಹುಣ್ಣಿಮೆಗೆ ಬೆದೆ ಬೇಕಾದರೆ ಅದರ ಹಿಂದಿನ ಅಮಾವಾಸ್ಯೆಗೆ ಸ್ಪಂಜು ಇಟ್ಟು, ದ್ವಾದಶಿಯ ದಿನ ತೆಗೆಯಬೇಕು. ಮೇವು ಹೆಚ್ಚಿಸುವ ಕೆಲಸ ಆ ಅಮಾವಾಸ್ಯೆಗೂ ಒಂದು ವಾರ ಮೊದಲೇ ಆರಂಭವಾಗಬೇಕು. ನಿಮ್ಮ ಊರಿನ ಮಳೆ, ಬೆಳೆ, ನೀವು ಹಿಂಡು ಹೊಡೆದುಕೊಂಡು ವಲಸೆ ಹೋಗುವ ದಾರಿ ಬೇರೆಯಾಗಿದ್ದರೆ ಹುಣ್ಣಿಮೆಯೂ ಬೇರೆಯಾಗುತ್ತದೆ. ಈದ ಮೇಲಿನ ಎರಡು ತಿಂಗಳು ಮೇವು ಎಲ್ಲಿ ಸಿಗುತ್ತದೆಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಹಿಂದಕ್ಕೆ ಎಣಿಸುವುದೇ ಸರಿಯಾದ ಕ್ರಮ.

ಮೊದಲು ಮೇವು, ಆಮೇಲೆ ಟಗರು, ಕೊನೆಗೆ ಸ್ಪಂಜು

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆನ್ನೆಲುಬು ಎದ್ದು ಕಾಣುವ ಕುರಿಗೆ ಸ್ಪಂಜು ಇಟ್ಟು ಬೆದೆ ತರಿಸಿದರೂ ಗರ್ಭ ಕಟ್ಟುವುದು ಅಪರೂಪ. ಕಟ್ಟಿದರೂ ಆ ತಾಯಿಗೆ ಮರಿಯನ್ನು ಹೊರುವ ಶಕ್ತಿ ಇರುವುದಿಲ್ಲ. ಮರಿಯ ಬೆಳವಣಿಗೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಆಗುವುದು ಗರ್ಭದ ಕೊನೆಯ ಆರು ವಾರಗಳಲ್ಲಿ. ಆಗ ಮೇವು ಸಾಲದಿದ್ದರೆ, ಅದರಲ್ಲೂ ಹೊಟ್ಟೆಯಲ್ಲಿ ಅವಳಿ ಮರಿಗಳಿದ್ದರೆ, ಕುರಿ ಮೇವು ಬಿಟ್ಟು, ಮಂಕಾಗಿ, ನೆಲ ಹಿಡಿದು ಸಾಯುವುದುಂಟು. ಔಷಧಕ್ಕೆ ಹಣ ಕೊಟ್ಟು ತಾಯಿ ಮರಿ ಎರಡನ್ನೂ ಕಳೆದುಕೊಂಡಂತಾಗುತ್ತದೆ.

ಆದ್ದರಿಂದ ಸ್ಪಂಜಿನ ಮಾತಿಗೆ ಮೊದಲು ಖರ್ಚಿಲ್ಲದ, ಇಲ್ಲವೆ ಕಡಿಮೆ ಖರ್ಚಿನ ಎರಡು ಕ್ರಮಗಳನ್ನು ಮಾಡಿನೋಡಿ.

ಒಂದನೆಯದು, ಟಗರು ಬಿಡುವ ಮೂರು ವಾರ ಮೊದಲಿನಿಂದ ಕುರಿಯೊಂದಕ್ಕೆ ದಿನಕ್ಕೆ ಸುಮಾರು ಕಾಲು ಕಿಲೋ ಕೈತಿಂಡಿ ಕೊಡುವುದು. ಮೆಕ್ಕೆಜೋಳ ಅಥವಾ ಜೋಳದ ನುಚ್ಚು, ಬೇಯಿಸಿದ ಹುರುಳಿ, ಕಡಲೆಕಾಯಿ ಹಿಂಡಿ, ಬೂಸ, ಇವುಗಳಲ್ಲಿ ನಿಮಗೆ ಅಗ್ಗವಾಗಿ ಸಿಗುವುದನ್ನು ಮಿಶ್ರ ಮಾಡಿ, ಚಿಟಿಕೆ ಉಪ್ಪು ಸೇರಿಸಿ ಕೊಡಿ. ಒಮ್ಮೆಲೇ ಪೂರ್ತಿ ಕೊಟ್ಟರೆ ಹೊಟ್ಟೆ ಕೆಡುತ್ತದೆ. ಒಂದು ಹಿಡಿಯಿಂದ ಆರಂಭಿಸಿ ವಾರದಲ್ಲಿ ಪೂರ್ಣ ಪ್ರಮಾಣಕ್ಕೆ ತನ್ನಿ. ಮೈ ತುಂಬುತ್ತಿರುವ ಕುರಿ ಬೇಗ ಬೆದೆಗೆ ಬರುತ್ತದೆ, ಗರ್ಭವೂ ನಿಲ್ಲುತ್ತದೆ. ಆಗಲೇ ಕೊಬ್ಬಿರುವ ಕುರಿಗೆ ಇದರಿಂದ ಪ್ರಯೋಜನವಿಲ್ಲ.

ಎರಡನೆಯದು, ಟಗರಿನ ವಾಸನೆಯ ಪ್ರಭಾವ. ಟಗರನ್ನು ಹಿಂಡಿನಿಂದ ಬೇರ್ಪಡಿಸಿ ಒಂದು ತಿಂಗಳು ಕಣ್ಣಿಗೆ, ಕಿವಿಗೆ, ಮೂಗಿಗೆ ತಾಕದಷ್ಟು ದೂರದಲ್ಲಿಟ್ಟು, ಆಮೇಲೆ ತಟ್ಟನೆ ಹಿಂಡಿಗೆ ಬಿಟ್ಟರೆ ಬೆದೆ ನಿಂತಿದ್ದ ಕುರಿಗಳ ಅಂಡಾಶಯ ಎರಡು ಮೂರು ದಿನಗಳಲ್ಲೇ ಕೆಲಸ ಆರಂಭಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ 1944ರಲ್ಲೇ ಇದನ್ನು ದಾಖಲಿಸಿದ್ದಾರೆ. ಮೊದಲ ಸಲ ಅಂಡ ಬಿಡುಗಡೆಯಾದರೂ ಬೆದೆಯ ಲಕ್ಷಣ ತೋರುವುದಿಲ್ಲ. ನಿಜವಾದ ಬೆದೆ ಬರುವುದು ಟಗರು ಬಿಟ್ಟ ಸುಮಾರು 17ರಿಂದ 25 ದಿನಗಳಲ್ಲಿ. ಮೊದಲ ವಾರ ಏನೂ ಕಾಣಲಿಲ್ಲವೆಂದು ಟಗರನ್ನು ಹಿಂದಕ್ಕೆ ಕಟ್ಟಬೇಡಿ. ಟಗರಿನ ಹೊಟ್ಟೆಗೆ ಗೋಣಿ ಕಟ್ಟಿ ಹಿಂಡಿನಲ್ಲೇ ಬಿಟ್ಟರೆ ಹಾಯುವುದು ತಪ್ಪುತ್ತದೆಯೇ ಹೊರತು ಈ ಪರಿಣಾಮ ಸಿಗುವುದಿಲ್ಲ, ಏಕೆಂದರೆ ವಾಸನೆ ಅಲ್ಲೇ ಇರುತ್ತದೆ. ದೂರ ಇಡಲು ಜಾಗವಿಲ್ಲದವರು ಬೇರೆ ಊರಿನ ಹಿಂಡಿನವರೊಡನೆ ಟಗರುಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಹೊಸ ಟಗರಿನ ವಾಸನೆಗೂ ಕುರಿಗಳು ಎಚ್ಚರಗೊಳ್ಳುತ್ತವೆ. ತಂದೆಯೇ ಮಗಳಿಗೆ ಹಾಯುವ ದೋಷವೂ ತಪ್ಪುತ್ತದೆ. ಆದರೆ ಹೊಸ ಟಗರಿಗೆ ಕಂದು ಹಾಕಿಸುವ ರೋಗವಿಲ್ಲವೆಂದು ಪಶುವೈದ್ಯರಿಂದ ಖಚಿತಪಡಿಸಿಕೊಂಡೇ ತನ್ನಿ.

ಈ ಎರಡರಿಂದಲೇ ಹಿಂಡಿನ ಬಹುಪಾಲು ಕುರಿಗಳು ಒಂದು ತಿಂಗಳೊಳಗೆ ಗಬ್ಬವಾಗುವುದಾದರೆ ಸಣ್ಣ ಸಾಕಣೆಗಾರನಿಗೆ ಅಷ್ಟೇ ಸಾಕು. ಒಂದು ವಾರದೊಳಗೇ ಮರಿ ಬೇಕೆಂಬುವರಿಗೆ, ಕೃತಕ ಗರ್ಭಧಾರಣೆ ಮಾಡಿಸುವವರಿಗೆ, ನಿಗದಿತ ದಿನಕ್ಕೆ ಮರಿ ಒದಗಿಸಬೇಕಾದವರಿಗೆ ಸ್ಪಂಜು ಉಪಯುಕ್ತ.

ಟಗರುಗಳು ಸಾಕಷ್ಟಿವೆಯೇ?

ಸ್ಪಂಜು ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲಿ. ಸಾಮಾನ್ಯವಾಗಿ 25ರಿಂದ 30 ಕುರಿಗಳಿಗೆ ಒಂದು ಟಗರು ಸಾಕು, ಏಕೆಂದರೆ ದಿನಕ್ಕೆ ಒಂದೋ ಎರಡೋ ಕುರಿ ಮಾತ್ರ ಬೆದೆಯಲ್ಲಿರುತ್ತವೆ. ಆದರೆ ಐವತ್ತು ಕುರಿಗಳು ಎರಡೇ ದಿನಗಳಲ್ಲಿ ಬೆದೆಗೆ ಬಂದರೆ ಎರಡು ಟಗರುಗಳು ಏನು ಮಾಡಿಯಾವು? ಬೆದೆ ಹೊಂದಿಸಿದ ಹಿಂಡಿನಲ್ಲಿ ಐದರಿಂದ ಏಳು ಕುರಿಗಳಿಗೆ ಒಂದು ಟಗರು ಬೇಕು. ಅಂದರೆ ಐವತ್ತಕ್ಕೆ ಎಂಟು ಹತ್ತು. ಅಷ್ಟು ಟಗರು ಯಾರ ಬಳಿ ಇರುತ್ತವೆ?

ಇದಕ್ಕೆ ಸುಲಭದ ಪರಿಹಾರವಿದೆ. ಹಿಂಡನ್ನು ಹನ್ನೆರಡು, ಹದಿನೈದು ಕುರಿಗಳ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ವಾರದ ಅಂತರದಲ್ಲಿ ಸ್ಪಂಜು ಇಡಿ. ಎರಡು ಮೂರು ಟಗರುಗಳಲ್ಲೇ ಕೆಲಸ ಸಾಗುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಉಂಟು. ಐವತ್ತು ಕುರಿಗಳು ಒಂದೇ ಇರುಳು ಈಯತೊಡಗಿದರೆ ಗಂಡಹೆಂಡತಿ ಇಬ್ಬರ ನಾಲ್ಕು ಕೈಗಳು ಸಾಲುವುದಿಲ್ಲ. ಗುಂಪು ಗುಂಪಾಗಿ ಈದರೆ ಹೊಕ್ಕುಳಿಗೆ ಟಿಂಚರ್ ಹಚ್ಚಿ, ಗಿಣ್ಣುಹಾಲು ಕುಡಿಸಿ, ತಾಯಿ ಒಲ್ಲದ ಮರಿಯನ್ನು ಕೂಡಿಸಿ ನೋಡಿಕೊಳ್ಳಲು ಬಿಡುವಿರುತ್ತದೆ.

ಸ್ಪಂಜು ತೆಗೆದ ಒಂದೂವರೆ ದಿನದ ನಂತರ ಟಗರು ಬಿಡಿ. ಬೆದೆಗೆ ಬಂದವೆಲ್ಲ ಮೊದಲ ಸಲವೇ ಗಬ್ಬವಾಗುವುದಿಲ್ಲ. ಉಳಿದವು 17 ದಿನಗಳ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬರುವುದರಿಂದ ಆ ಹೊತ್ತಿಗೆ ಟಗರು ತಪ್ಪದೆ ಹಿಂಡಿನಲ್ಲಿರಲಿ.

ಯಾವ ಕುರಿಗೆ ಬೇಡ?

ಗಬ್ಬವಾಗಿರಬಹುದೆಂಬ ಅನುಮಾನವಿದ್ದರೆ ಬೇಡ. ವರ್ಷವಿಡೀ ಟಗರು ಜೊತೆಯಲ್ಲಿದ್ದ ಹಿಂಡಿನಲ್ಲಿ ಇದು ದೊಡ್ಡ ಅಪಾಯ. ಬೆದೆ ಹೊಂದಿಸಲು ಪ್ರೋಸ್ಟಾಗ್ಲಾಂಡಿನ್ ಎಂಬ ಬೇರೊಂದು ಚುಚ್ಚುಮದ್ದೂ ಉಂಟು. ಅದು ಹಳದಿ ಗಂಟನ್ನು ಕರಗಿಸುವುದರಿಂದ ಎಳೆಗಬ್ಬದ ಕುರಿ ಕಂದು ಹಾಕುತ್ತದೆ. ಬೆದೆಯೇ ನಿಂತಿರುವ ಕುರಿಗೆ ಅದರಿಂದ ಉಪಯೋಗವೂ ಇಲ್ಲ. ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸುವುದು ಕ್ಷೇಮ.

ಈದು ಎರಡು ತಿಂಗಳಾಗದ, ಮರಿಗೆ ಹಾಲೂಡುತ್ತಿರುವ ಬಡಕಲು ಕುರಿಗೆ ಬೇಡ. ಇನ್ನೂ ಮೈ ಬೆಳೆಯದ ಪಡ್ಡೆ ಕುರಿಗೆ ಬೇಡ. ಮೊದಲ ಬೆದೆಯ ಕುರಿಯಲ್ಲಿ ನಳಿಗೆ ತೂರಿಸುವಾಗ ಒಳಗೆ ಗಾಯವಾಗುವ ಸಂಭವವಿದೆ. ಗರ್ಭಕೋಶದ ಸೋಂಕು, ಕಂದು ಹಾಕಿದ ಚರಿತ್ರೆ ಇರುವ ಕುರಿಯನ್ನು ಹಿಂಡಿನಿಂದಲೇ ಬೇರೆ ಮಾಡಿ.

ಕುದುರೆಯ ರಕ್ತದ ಚುಚ್ಚುಮದ್ದಿನ ಪ್ರಮಾಣ ಸಾಮಾನ್ಯವಾಗಿ 300ರಿಂದ 500 ಯೂನಿಟ್. ಕುರಿಯ ತೂಕ, ತಳಿ ನೋಡಿ ಇದನ್ನು ನಿರ್ಧರಿಸಬೇಕಾದವರು ವೈದ್ಯರು. ಹೆಚ್ಚು ಕೊಟ್ಟರೆ ಹೆಚ್ಚು ಮರಿ ಎಂದು ಆಸೆಪಡಬೇಡಿ. ಮೂರು ನಾಲ್ಕು ಅಂಡಗಳು ಒಟ್ಟಿಗೆ ಬಿಡುಗಡೆಯಾಗಿ, ಹುಟ್ಟುವ ಮರಿಗಳು ಇಲಿಮರಿಗಳಂತಿರುತ್ತವೆ. ತಾಯಿಗೆ ಇರುವುದು ಎರಡೇ ಮೊಲೆ. ಅದೇ ಕುರಿಗೆ ಪದೇ ಪದೇ ಕೊಟ್ಟರೆ ದೇಹ ಅದನ್ನು ಎದುರಿಸಲು ಕಲಿತು, ಔಷಧ ನಾಟುವುದು ಕಡಿಮೆಯಾಗುತ್ತದೆ.

ಕೈಕೆಲಸದ ಎಚ್ಚರ

ಸ್ಪಂಜು ಇಡುವ ಕೆಲಸವನ್ನು ಮೊದಲ ಸಲ ವೈದ್ಯರ ಕೈಯಿಂದಲೇ ಮಾಡಿಸಿ, ನಿಂತು ನೋಡಿ. ಒಂದು ಕುರಿಯಿಂದ ಇನ್ನೊಂದಕ್ಕೆ ಹೋಗುವಾಗ ನಳಿಗೆಯನ್ನು ಕ್ರಿಮಿನಾಶಕದ ನೀರಿನಲ್ಲಿ ತೊಳೆಯಬೇಕು. ಹೊರಗೆ ಜೋತಾಡುವ ದಾರ ಉದ್ದವಾಗಿದ್ದರೆ ಪಕ್ಕದ ಕುರಿ ಅಗಿದು ಎಳೆಯುತ್ತದೆ. ಹಿಡಿಗೆ ಸಿಗುವಷ್ಟು ಬಿಟ್ಟು ಕತ್ತರಿಸಿ. ತೆಗೆಯುವಾಗ ಕೆಟ್ಟ ವಾಸನೆಯ ದ್ರವ ಬಂದರೆ ಗಾಬರಿ ಬೇಡ, ಅದು ಸಾಮಾನ್ಯ. ಎರಡು ಮೂರು ದಿನ ಕಳೆದರೂ ಕೀವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಇಟ್ಟ ಸ್ಪಂಜು ಎಷ್ಟೋ ತೆಗೆದ ಸ್ಪಂಜೂ ಅಷ್ಟಿರಬೇಕು. ಗೋಡೆಯ ಮೇಲೆ ಇದ್ದಿಲಿನಿಂದಲಾದರೂ ಗೆರೆ ಎಳೆದು ಲೆಕ್ಕವಿಡಿ. ಒಳಗೇ ಮರೆತುಹೋದ ಸ್ಪಂಜಿನಿಂದ ಕುರಿ ಬೆದೆಗೇ ಬರದೆ, ಸೋಂಕು ತಗುಲಿ ಕೆಡುತ್ತದೆ.

ತೆಗೆದ ಸ್ಪಂಜಿನಲ್ಲಿ ಇನ್ನೂ ಔಷಧ ಉಳಿದಿರುತ್ತದೆ. ತಿಪ್ಪೆಗೆ ಎಸೆಯದೆ, ನಾಯಿ ಮಕ್ಕಳ ಕೈಗೆ ಸಿಗದಂತೆ ಆಳವಾಗಿ ಹೂಳಿ. ಕೆಲಸ ಮಾಡುವವರು ರಬ್ಬರ್ ಕೈಚೀಲ ಹಾಕಿಕೊಳ್ಳಲಿ. ಬಸುರಿಯರು ಈ ಔಷಧಗಳನ್ನು ಮುಟ್ಟಲೇಬಾರದು. ಕುರಿಯ ಕೆಲಸದಲ್ಲಿ ಮನೆಯ ಹೆಣ್ಣುಮಕ್ಕಳದೇ ಹೆಚ್ಚು ಪಾಲಿರುವುದರಿಂದ ಈ ಮಾತನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿ. ಸ್ಪಂಜು ಒಳಗಿರುವ ಕುರಿಯನ್ನು, ತೆಗೆದ ಮೇಲೂ ವೈದ್ಯರು ಹೇಳುವ ಅವಧಿಯವರೆಗೆ, ಮಾಂಸಕ್ಕೆ ಮಾರಕೂಡದು.

ಹಬ್ಬದ ಪೇಟೆಗೆ ಹೊಂದಿಸುವವರಿಗೆ

ಬಕ್ರೀದಿಗೆ ಟಗರು ಬೆಳೆಸಿ ಮಾರುವವರು ನಮ್ಮಲ್ಲಿ ಬಹಳ ಮಂದಿ. ಈ ಹಬ್ಬ ಚಾಂದ್ರಮಾನದ್ದಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಜೂನ್ 29ಕ್ಕೆ ಬಂದದ್ದು 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. 2035ರ ಹೊತ್ತಿಗೆ ಫೆಬ್ರವರಿಗೆ ಬಂದಿರುತ್ತದೆ. ಪೇಟೆ ಸರಿಯುತ್ತದೆ, ಮಳೆಗಾಲ ಸರಿಯುವುದಿಲ್ಲ. ವರ್ಷ ತುಂಬಿದ ಟಗರಿಗೆ ಬೆಲೆ ಹೆಚ್ಚಾದ್ದರಿಂದ, ಹಬ್ಬದ ದಿನದಿಂದ ಒಂದು ವರ್ಷ ಐದು ತಿಂಗಳು ಹಿಂದಕ್ಕೆ ಎಣಿಸಿ, ಅದಕ್ಕಿಂತ ಮೊದಲೇ ಕುರಿ ಗಬ್ಬವಾಗಿರುವಂತೆ ನೋಡಿಕೊಳ್ಳಬೇಕು. ಕಾರ್ತಿಕದಲ್ಲಿ ಹುಟ್ಟಿದ ಮರಿ ಬೇಸಿಗೆಯ ಬಕ್ರೀದಿಗೆ ಒಂದೂವರೆ ವರ್ಷದ ಟಗರಾಗಿರುತ್ತದೆ. ಆ ಹೆಚ್ಚಿನ ಆರು ತಿಂಗಳ ಮೇವಿನ ಖರ್ಚಿಗೂ ಹುಲ್ಲಿನ ಕಾಲದಲ್ಲಿ ಉಳಿದ ಮರಿಗಳ ಲಾಭಕ್ಕೂ ತಾಳೆ ಹಾಕಿ ನೋಡಿ. ಬೇಸಿಗೆಯಲ್ಲೇ ಮರಿ ಹುಟ್ಟಿಸಲು ಹೊರಟರೆ ಸ್ಪಂಜಿಗಿಂತ ಮೊದಲು ಮೇವಿನ ಬಣವೆ ಸಿದ್ಧವಾಗಿರಬೇಕು.

ಮೊದಲ ವರ್ಷವೇ ಇಡೀ ಹಿಂಡಿಗೆ ಪ್ರಯೋಗ ಮಾಡಬೇಡಿ. ಮೈ ತುಂಬಿದ ಹತ್ತು ಕುರಿಗಳನ್ನು ಆರಿಸಿಕೊಂಡು, ಪಶು ಆಸ್ಪತ್ರೆಯ ವೈದ್ಯರನ್ನು ಕಂಡು, ಸ್ಪಂಜು ಇಟ್ಟ ದಿನ, ತೆಗೆದ ದಿನ, ಹಾಯ್ದ ದಿನ, ಈದ ದಿನ, ಮೂರು ತಿಂಗಳಿಗೆ ಉಳಿದ ಮರಿಗಳ ಸಂಖ್ಯೆ, ಇಷ್ಟನ್ನು ಬರೆದಿಡಿ. ಇನ್ನು ಹತ್ತು ಕುರಿಗಳಿಗೆ ಸ್ಪಂಜಿಲ್ಲದೆ ಕೈತಿಂಡಿ ಮತ್ತು ಟಗರಿನ ಕ್ರಮ ಮಾತ್ರ ಅನುಸರಿಸಿ. ವರ್ಷದ ಕೊನೆಗೆ ಎರಡೂ ಲೆಕ್ಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಸ್ಪಂಜಿನ ಹಣ ನಿಮ್ಮ ಹಟ್ಟಿಯಲ್ಲಿ ಹುಟ್ಟಿತೋ ಇಲ್ಲವೋ ನಿಮಗೇ ತಿಳಿಯುತ್ತದೆ. ಲೆಕ್ಕ ಹಾಕುವಾಗ ಹುಟ್ಟಿದ ಮರಿಗಳನ್ನಲ್ಲ, ಉಳಿದ ಮರಿಗಳನ್ನು ಎಣಿಸಿ.